ಮಂಗಳವಾರದ ಹೊಟ್ಟೆನೋವು

ಮಂಗಳವಾರ ಬಂತೆಂದರೆ ನಮ್ಮ ಮನೆಯಲ್ಲಿ ಕಾಫಿಪುಡಿ ಬೇಗ ಖಾಲಿ. ಅಂದು ಸಂಜೆಯೊಳಗೆ ಈ ಅಂಕಣ ಸಂಪಾದಕರಿಗೆ ತಲುಪಬೇಕು. ಸೋಮವಾರದವರೆಗೂ ತಲೆಯಲ್ಲಿ ಜಾತ್ರೆಯಂತೆ ಗಿಜಿಗುಡುವ ವಿಷಯಗಳು ಮಂಗಳವಾರ ಬೆಳಿಗ್ಗೆ ಒಂದೂ ಕಾಣುವುದಿಲ್ಲ. ಹೊಟ್ಟೆಯಲ್ಲಿ ಅದೇನೋ ಸಂಕಟ. ಇಷ್ಟು ವರ್ಷ ಬರೆದರೂ ಈ ಹೊಟ್ಟೆನೋವು ಹೋಗಿಲ್ಲ.

ಕಳೆದ ತಿಂಗಳ ಒಂದು ಮಂಗಳವಾರ. ಸಂಜೆ ಆರಾದರೂ ಹಾಳೆಯ ಮೇಲೆ ತಲೆಬರಹವೂ ಇರಲಿಲ್ಲ. ಏಳನೇ ತರಗತಿಯ ಮೊಮ್ಮಗ ಬಾಗಿಲ ಬಳಿ ಬಂದು "ತಾತ..." ಎಂದ.

"ಈಗ ಬೇಡ, ಹೋಗು!" ಎಂದು ಗದರಿದೆ.

ಅವನು ಹೋಗಲಿಲ್ಲ. ನೋಡಿದರೆ ಕಣ್ಣ ತುಂಬ ನೀರು. ‘ನಮ್ಮ ಸುತ್ತಲಿನ ಉದ್ಯಮ’ ಎಂಬ ಪ್ರಾಜೆಕ್ಟನ್ನು ಮರುದಿನವೇ ಕೊಡಬೇಕಂತೆ. ಶಾಲೆಯಲ್ಲಿ ಹೇಳಿ ಹದಿನೈದು ದಿನವಾಗಿತ್ತು. ಇವನು ಮುಂದೂಡುತ್ತಾ ಬಂದು, ಆಮೇಲೆ ಭಯಕ್ಕೆ ಯಾರಿಗೂ ಹೇಳದೆ ಎರಡು ರಾತ್ರಿ ಸರಿಯಾಗಿ ನಿದ್ದೆಯನ್ನೂ ಮಾಡಿರಲಿಲ್ಲ.

"ಮೊಬೈಲ್‌ನಲ್ಲಿ ಕೇಳಿದ್ರೆ ಒಂದೇ ನಿಮಿಷದಲ್ಲಿ ಬರ್ದು ಕೊಡುತ್ತೆ ತಾತ. ನೋಡ್ಕೊಂಡು ಬರೀಲಾ?"

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಐದು ನಿಮಿಷದ ಹಿಂದಷ್ಟೇ ನಾನೂ ಹಳೆಯ ಲೇಖನವೊಂದಕ್ಕೆ ಬೇರೆ ತಲೆಬರಹ ಕೊಟ್ಟು ಕಳುಹಿಸಿಬಿಡಲೇ ಎಂದು ಕಪಾಟಿಗೆ ಕೈ ಹಾಕಿದ್ದೆ!

ಪಕ್ಕದಲ್ಲಿ ಕೂರಿಸಿಕೊಂಡು ಒಂದು ನಿಜವಾದ ಕಥೆ ಹೇಳಿದೆ. ರಷ್ಯಾದ ಕಾದಂಬರಿಕಾರ ದಾಸ್ತೊವ್‌ಸ್ಕಿ 1865ರಲ್ಲಿ ಸಾಲದ ಕಾಟ ತಾಳಲಾರದೆ ಪ್ರಕಾಶಕನೊಬ್ಬನಿಂದ 3000 ರೂಬಲ್ ಪಡೆದ. ಪ್ರತಿಯಾಗಿ 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡಬೇಕು. ತಪ್ಪಿದರೆ 9 ವರ್ಷ ಅವನ ಬರಹಗಳನ್ನು ಬಿಡಿಗಾಸೂ ಕೊಡದೆ ಪ್ರಕಾಶಕ ಅಚ್ಚು ಹಾಕಬಹುದು. ಅಕ್ಟೋಬರ್ ಬಂದರೂ ಆ ಕಾದಂಬರಿಯ ಒಂದು ಸಾಲೂ ಆಗಿರಲಿಲ್ಲ. ಗೆಳೆಯರು ತಾವೆಲ್ಲ ಹಂಚಿಕೊಂಡು ಬರೆದುಕೊಡುತ್ತೇವೆ ಎಂದರು. ಬೇರೆಯವರು ಬರೆದದ್ದಕ್ಕೆ ತನ್ನ ಹೆಸರು ಹಾಕಲು ಅವನು ಒಪ್ಪಲಿಲ್ಲ. ಶೀಘ್ರಲಿಪಿ ಕಲಿತಿದ್ದ 20 ವರ್ಷದ ಆನ್ನಾ ಎಂಬಾಕೆಯ ನೆರವು ಪಡೆದ. ವ್ಯಾಸರಿಗೆ ಗಣಪತಿ ಸಿಕ್ಕಂತಾಯಿತು! ಹಗಲು ಅವನು ಹೇಳುವುದು, ಆಕೆ ಬರೆದುಕೊಳ್ಳುವುದು. ಮನೆಗೆ ಹೋಗಿ ಶುದ್ಧಪ್ರತಿ ಮಾಡಿ ತರುವುದು. 26 ದಿನದಲ್ಲಿ ‘ಜೂಜುಗಾರ’ ಕಾದಂಬರಿ ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀದಿ ತೆಗೆದುಕೊಂಡ.

"ನಂಗ್ಯಾರು ಸಹಾಯ ಮಾಡ್ತಾರೆ?" ಎಂದ ಮೊಮ್ಮಗ.

"ಎದುರಿಗೇ ಇದ್ದಾರಲ್ಲ, ಬಾ."

ನಮ್ಮ ಮನೆ ಇರುವುದು ಪೀಣ್ಯದ ಅಂಚಿನಲ್ಲಿ. ಇಷ್ಟು ದೊಡ್ಡ ಕೈಗಾರಿಕಾ ಪ್ರದೇಶವಾದರೂ ಇಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳೇ ಹೆಚ್ಚು. ಎದುರಿನ ಶೆಡ್‌ನಲ್ಲಿ ಮೂರು ಲೇತ್ ಮಷಿನ್‌ಗಳಿವೆ. ಪಂಪ್‌ಸೆಟ್‌ಗೆ ಹಾಕುವ ಬುಷ್‌ಗಳನ್ನು ಕಡೆಯುತ್ತಿದ್ದ ಮಾಲೀಕರು ಕೈಯ ಎಣ್ಣೆ ಒರೆಸಿಕೊಂಡು, ಅಳತೆ ನೋಡುವ ವರ್ನಿಯರ್ ಕ್ಯಾಲಿಪರನ್ನು ಹುಡುಗನ ಕೈಗೆ ಕೊಟ್ಟರು. ಬೆಳಿಗ್ಗೆ ಇನ್ನೂರು ಪೀಸ್ ಟೆಂಪೋ ಹತ್ತಬೇಕಂತೆ.

"ಟೆನ್ಷನ್ ಆಗಲ್ವಾ ಅಂಕಲ್?"

"ಆಗ್ದೆ ಇರುತ್ತಾ? ಇನ್ನೂರು ಅಂತ ನೆನೆಸ್ಕೊಂಡ್ರೆ ಕೈ ನಡುಗುತ್ತೆ ಮರಿ. ಅದಕ್ಕೇ ಮೊದಲನೇದನ್ನ ಅಳತೆ ನೋಡಿ ಸರಿ ಮಾಡ್ಕೋತೀನಿ. ಆಮೇಲೆ ಒಂದಾದ್ಮೇಲೆ ಒಂದು. ಕರೆಂಟ್ ಹೋದ್ರೆ ತಕ್ಷಣ ಪಾರ್ಟಿಗೆ ಫೋನ್ ಮಾಡ್ತೀನಿ. ಲೇಟಾಗುತ್ತೆ ಅಂತ ಮೊದ್ಲೇ ಹೇಳಿದ್ರೆ ಬೈತಾರೆ, ಅಷ್ಟೆ. ಹೇಳ್ದೆ ಇದ್ರೆ ಮುಂದಿನ ಆರ್ಡರೇ ಕೊಡಲ್ಲ."

ಹುಡುಗ ಅದನ್ನೂ ಬರೆದುಕೊಂಡ. ನಾನು ಹೊರಗೆ ಬಂದು ಸಂಪಾದಕರಿಗೆ ಫೋನ್ ಮಾಡಿದೆ. ಮಧ್ಯಾಹ್ನದಿಂದ ಅವರ ಎರಡು ಕರೆಗಳನ್ನು ಎತ್ತದೆ ಬಿಟ್ಟಿದ್ದೆ. "ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಕಾಯುತ್ತೇನೆ. ಆಮೇಲೆ ನಿಮ್ಮ ಜಾಗದಲ್ಲಿ ಪದಬಂಧ ಹಾಕುತ್ತೇನೆ" ಎಂದರು. ಹೊಟ್ಟೆನೋವು ಅರ್ಧ ಇಳಿಯಿತು.

ರಾತ್ರಿ ಇಬ್ಬರೂ ಒಂದೇ ಮೇಜಿಗೆ ಕುಳಿತೆವು. ಗದರಿದ್ದು ತಪ್ಪಾಯಿತು ಎಂದೆ. "ಪರ್ವಾಗಿಲ್ಲ ತಾತ, ನಿಮ್ಗೂ ಹೋಂವರ್ಕ್ ಇತ್ತಲ್ಲ" ಎಂದ. ಅವನು ಕೆಲಸವನ್ನು ನಾಲ್ಕು ಭಾಗ ಮಾಡಿಕೊಂಡ: ಏನು ತಯಾರಾಗುತ್ತದೆ, ಯಾವುದರಿಂದ, ಯಾವ ಯಂತ್ರದಲ್ಲಿ, ಎಷ್ಟು ಜನರಿಂದ. ನಾನು ಚೆನ್ನಾಗಿಲ್ಲದಿದ್ದರೂ ಸರಿ ಎಂದು ಮೊದಲ ಸಾಲು ಗೀಚಿದೆ. ಎರಡನೆಯದು ತಾನಾಗಿ ಬಂತು. ಹತ್ತು ಗಂಟೆಗೆ ಅವನದು ಮುಗಿಯಿತು, ಹನ್ನೊಂದಕ್ಕೆ ನನ್ನದು. ಚಿತ್ರಕ್ಕೆ ಬಣ್ಣ ಹಚ್ಚಲು ಹೊತ್ತು ಸಾಲದೆ ಅವನಿಗೆ ಹತ್ತಕ್ಕೆ ಏಳು ಅಂಕ ಬಂತು. ಏಳೂ ಅವನವೇ.

ಮಕ್ಕಳೇ, ಕೆಲಸ ಕೊಟ್ಟ ದಿನವೇ ಒಂದು ಸಾಲಾದರೂ ಬರೆದಿಡಿ. ಸಿಕ್ಕಿಹಾಕಿಕೊಂಡರೆ ಮುಚ್ಚಿಡದೆ ಮನೆಯಲ್ಲಿ ಒಬ್ಬರಿಗೆ ಹೇಳಿ. ಅಜ್ಜ ಅಜ್ಜಿಯರೇ, ಮಗು ಪುಸ್ತಕ ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತಿದ್ದರೆ ಮೊದಲು ಒಳಗೆ ಕರೆಯಿರಿ, ಬೈಗುಳ ಆಮೇಲಿರಲಿ.

ಈ ವಾರದ ಅಂಕಣಕ್ಕೆ ಸೋಮವಾರವೇ ಮೊದಲ ಸಾಲು ಹಾಕಿದ್ದೆ. ಹೊಟ್ಟೆನೋವು ಇದ್ದೇ ಇತ್ತು, ಆದರೆ ಒಂದು ಲೋಟ ಕಾಫಿಯಷ್ಟು ಕಡಿಮೆ.