ಬುದ್ಧನ ಹೊಳಪು, ಕೆಲಸಗಾರನ ಉಸಿರು

ಮನೆಯಲ್ಲಿ ಧ್ಯಾನಕ್ಕೆಂದು ಗೂಡು ಮಾಡಿ, ಚಿನ್ನದ ಮುಲಾಮಿನ ಬುದ್ಧನನ್ನು ಕೂರಿಸುವ ರೂಢಿ ಉಳ್ಳವರಲ್ಲಿ ಬೆಳೆದಿದೆ. ಮನಸ್ಸಿಗೆ ಶಾಂತಿ ಬೇಡವೆನ್ನುವವರು ನಾವಲ್ಲ. ಮಿಲ್ಲಿನ ಗದ್ದಲದಿಂದ ಮನೆಗೆ ಬಂದವನಿಗೆ ಅರ್ಧ ಗಳಿಗೆಯ ಮೌನ ಎಷ್ಟು ಅಗತ್ಯವೆಂದು ನಮ್ಮ ಓದುಗರಿಗೆ ಬೇರೆ ಹೇಳಬೇಕೆ? ಆದರೆ ಆ ವಿಗ್ರಹಕ್ಕೆ ಹೊಳಪು ಎಲ್ಲಿಂದ ಬಂತೆಂದು ಕೇಳದೆ ನಾವು ಇರಲಾರೆವು.

ಇಂಥ ವಿಗ್ರಹಗಳಿಗೆ ಹೆಸರಾದ ಊರು ನೇಪಾಳದ ಪಾಟಣ. ಅಲ್ಲಿಯ ನೇವಾರ ಜನರಲ್ಲಿ ಶಾಕ್ಯ ಮನೆತನದವರು ತಲೆಮಾರುಗಳಿಂದ ಇದೇ ಕಸುಬಿನವರು. 1260ರಲ್ಲಿ ಅರನಿಕೊ ಎಂಬ ಹದಿಹರೆಯದ ನೇವಾರ ಶಿಲ್ಪಿ ತನ್ನವರೊಡನೆ ಟಿಬೆಟ್ಟಿಗೆ ಹೋಗಿ, ಅಲ್ಲಿಂದ ಕುಬ್ಲಾಯ್ ಖಾನನ ಆಸ್ಥಾನ ಸೇರಿದ. ಬೀಜಿಂಗಿನ ಬಿಳಿಯ ಸ್ತೂಪ ಅವನದೇ ಕೆಲಸ.

ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ. ಅದರ ಮೇಲೆ ಮಣ್ಣು, ಸೆಗಣಿ, ಭತ್ತದ ಹೊಟ್ಟು ಕಲಸಿ ಮೆತ್ತುತ್ತಾರೆ. ಒಣಗಿಸಿ ಕಾಯಿಸಿದರೆ ಮೇಣ ಹರಿದುಹೋಗುತ್ತದೆ. ಆ ಟೊಳ್ಳಿಗೆ ಕರಗಿದ ತಾಮ್ರ ಸುರಿಯುತ್ತಾರೆ. ಅಚ್ಚನ್ನು ಒಡೆದೇ ಮೂರ್ತಿ ತೆಗೆಯಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಬುದ್ಧ. ಬಳಿಕ ಉಳಿ, ಅರಗಳ ಸೂಕ್ಷ್ಮ ಕೆಲಸ.

ಕೇಡಿರುವುದು ಆಮೇಲೆ. ಚಿನ್ನವನ್ನು ಪಾದರಸದಲ್ಲಿ ಬೆರೆಸಿ, ಬೆಣ್ಣೆಯಂತೆ ಮಾಡಿ ತಾಮ್ರಕ್ಕೆ ಹಚ್ಚುತ್ತಾರೆ. ಮೇಲೆ ಬೆಂಕಿ ಹಾಯಿಸಿದರೆ ಚಿನ್ನ ಉಳಿಯುತ್ತದೆ, ಪಾದರಸ ಆವಿಯಾಗಿ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ? ಬೆಂಕಿ ಹಿಡಿದವನ ಎದೆಗೆ! ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹತ್ತಿಯ ಧೂಳಾದರೂ ಕೆಮ್ಮು ತರಿಸಿ ಎಚ್ಚರಿಸುತ್ತದೆ. ಇದು ಅದನ್ನೂ ಮಾಡದು. ಬರುಬರುತ್ತಾ ಕೈ ನಡುಗುತ್ತದೆ, ಒಸಡು ಊದುತ್ತದೆ, ನೆನಪು ಕುಂದುತ್ತದೆ, ಮೂತ್ರಪಿಂಡ ಕೆಡುತ್ತದೆ. ಕೈಯೇ ಬಂಡವಾಳವಾದವನಿಗೆ ಕೈನಡುಕ ಬಂದರೆ ಗತಿಯೇನು?

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ ಅಷ್ಟಾಂಗ ಮಾರ್ಗದ ಎಂಟೂ ಹೆಸರುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆವು. ಐದನೆಯದು ಸಮ್ಯಕ್ ಆಜೀವ. ಅದರ ಅರ್ಥವನ್ನು ಬಿಡಿಸಿ ಹೇಳಲಿಲ್ಲ, ಪರೀಕ್ಷೆಗೆ ಬೇಕಿರಲಿಲ್ಲ. ಉಪಾಸಕನು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೆಸರಿಸಿದ್ದಾನೆ: ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ. ಆ ಐದನೆಯದರಿಂದಲೇ ಅವನ ಮೂರ್ತಿಗೆ ಹೊಳಪು ಕೊಡುತ್ತಿದ್ದೇವೆ!

ಇದು ಪರಂಪರೆ, ಕೈಹಾಕಬೇಡಿ ಎನ್ನುವವರಿದ್ದಾರೆ. ಮೇಣ ತಿದ್ದುವ ಬೆರಳಿನಲ್ಲಿ ಪರಂಪರೆಯಿದೆ, ಒಪ್ಪುತ್ತೇವೆ. ವಿಷ ಕುಡಿಯುವುದೂ ಪರಂಪರೆಯೆ? ಮುಚ್ಚಿದ ಒಲೆ, ಹೊಗೆ ಎಳೆಯುವ ಪಂಖ, ಆವಿಯನ್ನು ತಂಪುಮಾಡಿ ಮತ್ತೆ ಪಾದರಸವಾಗಿ ಹಿಡಿಯುವ ಕೊಳವೆ, ಇವೆಲ್ಲ ಆಗದ ಕೆಲಸಗಳಲ್ಲ. ಜಪಾನಿನ ಮಿನಮಾಟಾ ಊರಿನ ದುರಂತದ ಹೆಸರಿನಲ್ಲಿ 2013ರಲ್ಲಿ ರಾಷ್ಟ್ರಗಳು ಪಾದರಸದ ಒಪ್ಪಂದವನ್ನೇ ಮಾಡಿಕೊಂಡವು. ಆದರೆ ಮನೆಯ ಹಿತ್ತಲಲ್ಲಿ ಮುಲಾಮು ಹಾಕುವವನು ಪಂಖದ ಖರ್ಚನ್ನು ಒಬ್ಬನೇ ಹೊರಲಾರ.

ಇಂಥ ಮೂರ್ತಿಗಳನ್ನು ತರಿಸಿ ಮಾರುವ ವರ್ತಕ ಬಂಧುಗಳು ತೂಕ, ದರ ಕೇಳುವಾಗ ಮುಲಾಮಿನ ಕೋಣೆಯಲ್ಲಿ ಹೊಗೆಗೂಡು ಇದೆಯೇ ಎಂದೂ ಕೇಳಲಿ. ಅದರ ಖರ್ಚು ದರದಲ್ಲಿ ಸೇರಿದರೆ ಕೊಳ್ಳುವವನೇನೂ ಬಡವನಾಗುವುದಿಲ್ಲ.