ನಮ್ಮ ಬಂದರುಗಳು ಸಿಂಗಾಪುರವಾಗಬಲ್ಲವೇ?

ಸಿಂಗಾಪುರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ರಜೆಯಲ್ಲಿ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತ ಕೇಳಿದ: “ಸರ್, ಭಟ್ಕಳ, ಹೊನ್ನಾವರ, ಕುಮಟಾ ಈ ಮೂರನ್ನೂ ಕೂಡಿಸಿ ಸಿಂಗಾಪುರದಂಥ ನಗರರಾಜ್ಯ ಮಾಡಿಬಿಟ್ಟರೆ, ಪ್ರತಿಯೊಂದಕ್ಕೂ ಬೆಂಗಳೂರಿನ ದಾರಿ ಕಾಯುವುದು ತಪ್ಪುತ್ತದಲ್ಲವೇ?”

ನಾನು ನಕ್ಕುಬಿಟ್ಟೆ. ಅವನು ಹೋದ ಮೇಲೆ, ನಗಬಾರದಿತ್ತು ಎನಿಸಿತು. ಹೃದಯಾಘಾತವಾದ ತಾಯಿಯನ್ನು ಮಣಿಪಾಲಕ್ಕೆ ಒಯ್ಯುವಾಗ, ಜಿಲ್ಲೆಯ ಗಡಿ ದಾಟುವ ಮೊದಲೇ ಕಳೆದುಕೊಂಡವನು ಅವನು. ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು ಕೇಳಿದ್ದು ಈ ಕರಾವಳಿಗೆ ಹೊಸತಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. (ಮಾಸ್ತರಿಕೆ ಮಾಡಿದವನಿಗೆ ಉಳಿದೆಲ್ಲ ಮರೆತರೂ ಈ ಲೆಕ್ಕ ಮರೆಯದು.) ಆ ಪುಟ್ಟ ಬಂದರಿಗೆ ತನ್ನದೇ ಸುಲ್ತಾನನಿದ್ದ, ನೌಕೆಗಳಿದ್ದವು. ಆದರೆ ಆ ಸುಲ್ತಾನನೂ ‘ಹರ್ಯಬ’ನೆಂಬ ದೊಡ್ಡ ಅರಸನಿಗೆ ಅಧೀನನಾಗಿದ್ದನೆಂದು ಅದೇ ಪ್ರವಾಸಿ ಹೇಳುತ್ತಾನೆ. ವಿಜಯನಗರದ ಹರಿಹರನೇ ಅವನೆಂದು ವಿದ್ವಾಂಸರ ಅಭಿಪ್ರಾಯ. ಶರಾವತಿಯ ದಡದ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಆ ರಾಜ್ಯವೂ 1606ರ ಸುಮಾರಿಗೆ ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕನ ಪಾಲಾಯಿತು.

ಕುಮಟೆಯ ಕಥೆ ಇನ್ನೂ ಸ್ಪಷ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ಇತ್ತು. ಕುಮಟೆಯಲ್ಲಿ ಹತ್ತಿ ಎಲ್ಲಿ ಬೆಳೆಯುತ್ತದೆ? ಬೆಳೆದದ್ದು ಧಾರವಾಡದ ಎರೆನೆಲದಲ್ಲಿ. ಗಾಡಿಗಳಲ್ಲಿ ಘಟ್ಟ ಇಳಿದು ಬಂದು ಇಲ್ಲಿ ಹಡಗೇರುತ್ತಿತ್ತು, ಅಷ್ಟೆ. 1880ರ ದಶಕದಲ್ಲಿ ಮುರಗಾಂವಿನ ಕಡೆಗೆ ರೈಲು ಹಾಕಿದೊಡನೆ ಹತ್ತಿ ಅತ್ತ ತಿರುಗಿತು. ಬಂದರು ಇದ್ದಲ್ಲೇ ಇತ್ತು, ವ್ಯಾಪಾರ ಹೋಯಿತು. ರೈಲು ಎಲ್ಲಿ ಹೋಗಬೇಕೆಂದು ಕುಮಟೆಯವರನ್ನು ಯಾರೂ ಕೇಳಿರಲಿಲ್ಲ.

ಸ್ವತಂತ್ರ ನಗರರಾಜ್ಯವೆಂಬ ಆಸೆಯನ್ನು ನಾನು ಒಪ್ಪದಿರುವುದು ಇದರಿಂದಲೇ. 1965ರಲ್ಲಿ ಮಲೇಷ್ಯಾದಿಂದ ಬೇರ್ಪಟ್ಟ ಸಿಂಗಾಪುರವೂ 1962ರ ಒಪ್ಪಂದದಂತೆ ಇಂದಿಗೂ ಜೊಹೋರಿನಿಂದ ನೀರು ಪಡೆಯುತ್ತಿದೆ. ಅದರ ಅವಧಿ 2061ರವರೆಗೆ. ನಮ್ಮಲ್ಲಿ ಲಿಂಗನಮಕ್ಕಿಯ ಬಾಗಿಲು ತೆರೆದರೆ ಹೊನ್ನಾವರದ ನದಿದಡದವರಿಗೆ ನಿದ್ದೆಯಿಲ್ಲ. ಆ ಬಾಗಿಲಿನ ಕೀಲಿ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ನಡುವೆ ಒಂದು ದೇಶದ ಗಡಿ ಎಳೆದರೆ ನಮ್ಮ ಮಾತು ಕೇಳುವವರು ಇನ್ನೂ ಕಡಿಮೆಯಾದಾರು.

ಆದರೆ ಹುಡುಗನ ಸಿಟ್ಟು ನ್ಯಾಯವಾದದ್ದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಊರಿನ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು: ನೀರು, ಸಾರ್ವಜನಿಕ ಆರೋಗ್ಯ, ನಗರಯೋಜನೆ ಎಲ್ಲವೂ ಅದರಲ್ಲಿವೆ. ಪಟ್ಟಿ ಬಂತು, ಹಣದ ಥೈಲಿ ಮಾತ್ರ ಬೆಂಗಳೂರಿನಲ್ಲೇ ಉಳಿಯಿತು. 2018ರಲ್ಲಿ ರಾಜ್ಯದ ಅನೇಕ ಊರುಗಳಲ್ಲಿ ಸದಸ್ಯರನ್ನು ಆರಿಸಿದ ಮೇಲೂ, ಮೀಸಲಾತಿಯ ವ್ಯಾಜ್ಯದಿಂದಾಗಿ ಸುಮಾರು ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ. ಅಧಿಕಾರಿಗಳು ಆಡಳಿತ ನಡೆಸಿದರು.

ನನಗೆ ಬೇಕಾದದ್ದು ರಾಜ್ಯವಲ್ಲ, ಥೈಲಿ. ಮೂರೂ ಊರುಗಳು ಕೂಡಿ ಒಂದು ಒಳ್ಳೆಯ ಆಸ್ಪತ್ರೆ ಎಲ್ಲಿರಬೇಕೆಂದು ನಿಶ್ಚಯಿಸಿ, ತಮ್ಮ ತೆರಿಗೆಯ ಪಾಲನ್ನು ಅದಕ್ಕೆ ಹಾಕುವಷ್ಟು ಅಧಿಕಾರ. ಊರೂರಿಗೆ ಜಗಳವಾಗದೇ? ಆಗುತ್ತದೆ, ಆಗಲಿ. ನಮ್ಮ ಜಗಳ ನಮ್ಮೂರಲ್ಲೇ ತೀರ್ಮಾನವಾದೀತು.

ಈ ಪುಟ ಓದುವ ನನ್ನ ವಿದ್ಯಾರ್ಥಿಗಳಲ್ಲಿ ಪುರಸಭೆಯ ಸದಸ್ಯರಾಗಿದ್ದವರೂ ಇದ್ದೀರಿ. ಅಲ್ಲಿ ಕುಳಿತು ನೀವು ನಿಜವಾಗಿ ಎಷ್ಟನ್ನು ನಿರ್ಧರಿಸಲು ಸಾಧ್ಯವಾಯಿತು? ದಾಕ್ಷಿಣ್ಯ ಬಿಟ್ಟು ಬರೆಯಿರಿ. ನಿಮ್ಮ ಉತ್ತರಗಳನ್ನು ಸಿಂಗಾಪುರಕ್ಕೆ ಕಳಿಸುವೆನೆಂದು ಅವನಿಗೆ ಮಾತು ಕೊಟ್ಟಿದ್ದೇನೆ.