ಸತ್ತ ಮೇಲೆ ಆರಡಿ ಜಾಗ ಎಲ್ಲಿ? ಬಸ್ತಾರ್ ಪ್ರಕರಣ ನಮ್ಮ ಹೋಬಳಿಗೂ ಕೇಳುವ ಪ್ರಶ್ನೆ

ಆಯನೂರು: ಪ್ರತಿ ವರ್ಷ ನವೆಂಬರ್ 2 ಬರುತ್ತೆ. ಕ್ಯಾಥೋಲಿಕ್ ಕ್ರೈಸ್ತರಿಗೆ ಅದು ಸತ್ತವರೆಲ್ಲರನ್ನೂ ನೆನೆಯುವ ದಿನ. ಸಮಾಧಿ ಮೇಲಿನ ಹುಲ್ಲು ಕೀಳೋದು, ಸುಣ್ಣ ಬಳಿಯೋದು, ಹೂ ಇಟ್ಟು ಮೇಣದಬತ್ತಿ ಹಚ್ಚೋದು, ಪಾದ್ರಿಗಳು ಬಂದು ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡೋದು. ತಮಿಳು ಕ್ರೈಸ್ತರು ಇದನ್ನು ಕಲ್ಲರೈ ತಿರುನಾಳ್ ಅಂತಾರೆ. ಕಲ್ಲರೈ ಅಂದ್ರೆ ಸಮಾಧಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ವ್ಯತ್ಯಾಸ. ಎಡೆ ಮನೆಯಲ್ಲೇ ಇಡಬಹುದು, ಇದಕ್ಕೆ ಸಮಾಧಿ ಬೇಕು. ಸಮಾಧಿಗೆ ಜಾಗ ಬೇಕು.

ಆ ಜಾಗದ ವಿಷಯವೇ 2025ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯ್ತು. ಛತ್ತೀಸಗಢದ ಬಸ್ತಾರ್ ಜಿಲ್ಲೆಯ ಛಿಂದವಾಡ ಗ್ರಾಮದಲ್ಲಿ 2025ರ ಜನವರಿ 7ರಂದು ಒಬ್ಬ ಪಾಸ್ಟರ್ ತೀರಿಕೊಂಡರು. ಊರ ಸ್ಮಶಾನದಲ್ಲಿ ಹೂಳಲು ಊರವರು ಬಿಡಲಿಲ್ಲ. ನಮ್ಮ ಸ್ವಂತ ಜಮೀನಲ್ಲಾದರೂ ಹೂಳ್ತೀವಿ ಅಂದ್ರೆ ಅದಕ್ಕೂ ವಿರೋಧ. ಹೈಕೋರ್ಟ್ ಕೂಡ ಕೈ ಚೆಲ್ಲಿತು. ಸುಮಾರು ಮೂರು ವಾರ ಹೆಣ ಶವಾಗಾರದಲ್ಲೇ ಇತ್ತು. ಅಪ್ಪನನ್ನು ಮಣ್ಣು ಮಾಡೋಕೆ ಮಗ ದಿಲ್ಲಿ ತನಕ ವಕೀಲರನ್ನು ಹಿಡಿಯಬೇಕಾಯ್ತು.

ಜನವರಿ 27ರಂದು ಬಂದ ತೀರ್ಪಿನಲ್ಲಿ ಇಬ್ಬರು ನ್ಯಾಯಮೂರ್ತಿಗಳದ್ದು ಎರಡು ದಾರಿ. ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರು ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲು ಬಿಡಿ ಅಂದರು. ಸತೀಶ್ ಚಂದ್ರ ಶರ್ಮಾ ಅವರು, ಹೂಳುವ ಹಕ್ಕು ಇದೆ, ಆದರೆ ಎಲ್ಲಿ ಬೇಕೋ ಅಲ್ಲಿ ಅನ್ನುವ ಹಕ್ಕಿಲ್ಲ, ಗೊತ್ತು ಮಾಡಿದ ಜಾಗದಲ್ಲೇ ಆಗಬೇಕು ಅಂದರು. ದೊಡ್ಡ ಪೀಠಕ್ಕೆ ಕಳಿಸಿದರೆ ಹೆಣ ಇನ್ನಷ್ಟು ದಿನ ಕಾಯಬೇಕು. ಹಾಗಾಗಿ ಸಂವಿಧಾನದ 142ನೇ ವಿಧಿ ಬಳಸಿ, 20-25 ಕಿ.ಮೀ. ದೂರದ ಕರ್ಕಪಾಲ್‌ನ ಕ್ರೈಸ್ತ ಸ್ಮಶಾನದಲ್ಲಿ ಪೊಲೀಸ್ ರಕ್ಷಣೆಯೊಂದಿಗೆ ಹೂಳಲು ಇಬ್ಬರೂ ಸೇರಿ ಆದೇಶ ಕೊಟ್ಟರು. ಆ ರಾಜ್ಯದ ಉದ್ದಕ್ಕೂ ಕ್ರೈಸ್ತರಿಗೆ ಸ್ಮಶಾನ ಜಾಗ ಗುರುತಿಸಿ ಅಂತ ಸರ್ಕಾರಕ್ಕೆ ಎರಡು ತಿಂಗಳ ಗಡುವೂ ಸಿಕ್ಕಿತು.

ಲೆಕ್ಕಕ್ಕೆ ಇಪ್ಪತ್ತೈದು ಕಿ.ಮೀ. ಅಷ್ಟೇ. ಆಂಬುಲೆನ್ಸಿಗೆ ಅದು ದೂರವಲ್ಲ. ಆದರೆ ಪ್ರತಿ ವರ್ಷ ಮೇಣದಬತ್ತಿ ಹಚ್ಚೋಕೆ ಬರಬೇಕಾದ ವಯಸ್ಸಾದ ಹೆಂಡತಿಗೆ ದೂರವೇ.

'ಜಾಗ ಇಲ್ಲದಿದ್ರೆ ಸುಡಲಿ ಬಿಡಿ' ಅಂತ ಅನ್ನೋರಿದ್ದಾರೆ. ಧರ್ಮದ ಲೆಕ್ಕದಲ್ಲಿ ನೋಡಿದರೆ ಕ್ಯಾಥೋಲಿಕ್ ಚರ್ಚ್ 1963ರಿಂದಲೇ ಸುಡೋದಕ್ಕೆ ಒಪ್ಪಿಗೆ ಕೊಟ್ಟಿದೆ. 2016ರಲ್ಲಿ ವ್ಯಾಟಿಕನ್ ಮತ್ತೆ ಸ್ಪಷ್ಟ ಮಾಡಿತು: ಸುಡಬಹುದು, ಆದರೆ ಹೂಳೋದೇ ಮೇಲು, ಬೂದಿಯನ್ನು ನೀರಿಗೆ ಬಿಡುವಂತಿಲ್ಲ, ಗಾಳಿಗೆ ತೂರುವಂತಿಲ್ಲ, ಪವಿತ್ರ ಜಾಗದಲ್ಲಿ ಇಡಬೇಕು. ಅಂದ್ರೆ ಸುಟ್ಟರೂ ಜಾಗದ ಪ್ರಶ್ನೆ ತೀರಲ್ಲ.

ಇದರ ಹಿಂದಿನ ನಂಬಿಕೆ ಪುನರುತ್ಥಾನ. ಯೇಸುವನ್ನು ಹೂತರು, ಮೂರನೇ ದಿನ ಎದ್ದುಬಂದ, ಹಾಗೇ ಕೊನೆಯ ದಿನ ಸತ್ತವರೆಲ್ಲ ದೇಹ ಸಮೇತ ಏಳ್ತಾರೆ ಅನ್ನೋದು. ಸಿಮೆಟ್ರಿ ಅನ್ನೋ ಪದದ ಗ್ರೀಕ್ ಮೂಲದ ಅರ್ಥವೇ ಮಲಗುವ ಜಾಗ. ಪೂರ್ವಕ್ಕೆ ಕಾಲು ಮಾಡಿ ಮಲಗಿಸುವ ಹಳೇ ರೂಢಿಯೂ ಎದ್ದಾಗ ಮುಖ ಪೂರ್ವಕ್ಕಿರಲಿ ಅಂತ. ಹಾಗಂತ ಸುಟ್ಟರೆ ದೇವರಿಗೆ ಎಬ್ಬಿಸೋಕೆ ಆಗಲ್ಲ ಅಂತ ಚರ್ಚ್ ಹೇಳಲ್ಲ. ಸತ್ತವರ ಆತ್ಮ ಶುದ್ಧಿಯಾಗುವ ಸ್ಥಿತಿಯಲ್ಲಿರುತ್ತೆ, ಬದುಕಿರುವವರ ಪ್ರಾರ್ಥನೆ ಅದಕ್ಕೆ ನೆರವಾಗುತ್ತೆ ಅಂತ ಕ್ಯಾಥೋಲಿಕರು ನಂಬ್ತಾರೆ. ಪ್ರೊಟೆಸ್ಟೆಂಟ್ ಮತ್ತು ಪೆಂಟೆಕೋಸ್ಟಲ್ ಸಭೆಗಳು ಸಾಮಾನ್ಯವಾಗಿ ಇದನ್ನು ಒಪ್ಪಲ್ಲ. ಹೂಳೋದರಲ್ಲಿ ಮಾತ್ರ ಬಹುತೇಕ ಎಲ್ಲರೂ ಒಂದೇ.

ಹೂಳೋದು ನಮಗೇನು ಹೊಸದಾ? ಲಿಂಗಾಯತರು ವಿಭೂತಿ ಹಾಕಿ ಕೂರಿಸಿ ಸಮಾಧಿ ಮಾಡ್ತಾರೆ. ಮುಸ್ಲಿಮರಿಗೆ ಖಬರಸ್ತಾನ್ ಇದೆ. ಎಷ್ಟೋ ಮನೆತನಗಳ ಹಿರಿಯರು ಅವರವರ ತೋಟದ ಮೂಲೆಯಲ್ಲೇ ಮಲಗಿದ್ದಾರೆ. ತೋಟ ಇದ್ದವರಿಗೆ ಜಾಗದ ಚಿಂತೆ ಇಲ್ಲ. ಕೂಲಿಗೋ ಕಾರ್ಖಾನೆ ಕೆಲಸಕ್ಕೋ ಬಂದು ಸೈಟಿನ ಮನೆಯಲ್ಲಿರೋ ಕುಟುಂಬಕ್ಕೆ, ಜಮೀನಿಲ್ಲದ ದಲಿತ ಕುಟುಂಬಕ್ಕೆ ಕಷ್ಟ. ನನ್ನ ಪ್ರಕಾರ ಇದು ಧರ್ಮಕ್ಕಿಂತ ಹೆಚ್ಚಾಗಿ ಪಹಣಿಯ ಸಮಸ್ಯೆ.

ಕರ್ನಾಟಕದಲ್ಲೂ ಕೋರ್ಟ್ ಹೇಳಬೇಕಾಯ್ತು. ಸ್ಮಶಾನ ಇಲ್ಲದ ಹಳ್ಳಿಗಳಿಗೆಲ್ಲ ಜಾಗ ಕೊಡಿ ಅಂತ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಜಾರಿಯಾಗದೆ ನ್ಯಾಯಾಂಗ ನಿಂದನೆ ಅರ್ಜಿ ಬಂದ ಮೇಲೆ ಸರ್ಕಾರ ಲೆಕ್ಕ ಕೊಟ್ಟಿತು: ರಾಜ್ಯದ 29,616 ಗ್ರಾಮಗಳಲ್ಲಿ 27,903ಕ್ಕೆ ಸ್ಮಶಾನ ಇದೆ ಅಂತ. ಆದರೆ ಕಾಗದದಲ್ಲಿ ಒಂದು ಗ್ರಾಮಕ್ಕೆ ಒಂದು ಸ್ಮಶಾನ ಇದ್ದರೆ ಅದರೊಳಗೆ ಯಾರಿಗೆ ಪ್ರವೇಶ, ಯಾರಿಗೆ ಇಲ್ಲ ಅನ್ನೋದು ಆ ಲೆಕ್ಕದಲ್ಲಿ ಕಾಣಲ್ಲ. ಛಿಂದವಾಡದಲ್ಲೂ ಸ್ಮಶಾನ ಇತ್ತಲ್ಲ!

ನಮ್ಮ ಕಡೆ ಇನ್ನೊಂದು ತೊಡಕು ಅರಣ್ಯ. ಶರಾವತಿ ಮುಳುಗಡೆಯಿಂದ ಬಂದು ನೆಲೆಸಿದವರ ಜಮೀನಿನ ಹಕ್ಕೇ ದಶಕಗಳಿಂದ ಇತ್ಯರ್ಥವಾಗಿಲ್ಲ. ಅಂಥ ಊರುಗಳಲ್ಲಿ ಹೊಸ ಸ್ಮಶಾನಕ್ಕೆ ಕಂದಾಯ ಭೂಮಿ ಹುಡುಕೋದು ಸುಲಭ ಅಲ್ಲ.

ಸಾವು ಬಂದ ಮೇಲೆ ಅರ್ಜಿ ಬರೆದರೆ ಪ್ರಯೋಜನವಿಲ್ಲ, ಹೆಣ ಕಾಯಲ್ಲ. ನಿಮ್ಮ ಊರಿನ ಸ್ಮಶಾನದ ಸರ್ವೆ ನಂಬರ್ ಯಾವುದು, ಪಹಣಿಯಲ್ಲಿ ಸ್ಮಶಾನ ಅಂತ ನಮೂದಾಗಿದೆಯಾ, ಒತ್ತುವರಿ ಆಗಿದೆಯಾ ಅಂತ ಗ್ರಾಮ ಆಡಳಿತಾಧಿಕಾರಿ ಹತ್ತಿರ ಈಗಲೇ ಕೇಳಿ. ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ ತಹಶೀಲ್ದಾರರಿಗೆ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಮಾತಿನ ನಡುವೆ ಇದಕ್ಕೂ ಐದು ನಿಮಿಷ ಸಿಗಬೇಕು.